ಚಿತ್ರಸಂತೆಯಲ್ಲಿ ಒಬ್ಬ ಫ್ಯಾನ್ಸಿ ಅಂಗಡಿಯವ

ಬೆಳುಗುಪ್ಪ ಎಂದರೆ ನಮ್ಮ ಊರ ಕಡೆ ಯಾರಿಗೂ ಗೊತ್ತಾಗುವುದಿಲ್ಲ. "ಆಂಧ್ರದಲ್ಲಿ, ಕಲ್ಯಾಣದುರ್ಗದ ಹತ್ತಿರ" ಎಂದು ಬಿಡಿಸಿ ಹೇಳಬೇಕು. ಹದಿನಾರು ವರ್ಷದಿಂದ ನನ್ನದು ಅಲ್ಲಿ ಫ್ಯಾನ್ಸಿ ಅಂಗಡಿ. ಬಳೆ, ಕ್ಲಿಪ್ಪು, ಪ್ಲಾಸ್ಟಿಕ್ ಆಟಿಕೆ. ಸುತ್ತಲೂ ಕಡಲೆಕಾಯಿ ಹೊಲ, ದೂರದಲ್ಲಿ ಸಾಲು ಸಾಲು ಗಾಳಿಯಂತ್ರ. ಬಂಟ್ವಾಳದ ಮಳೆ ಕಂಡವರಿಗೆ ಇದು ಬೇರೆಯೇ ಲೋಕ.

ಮಗಳು ಈಗ ಇಂಟರ್ ಎರಡನೇ ವರ್ಷ, ಅಂದರೆ ನಿಮ್ಮ ಎರಡನೇ ಪಿಯುಸಿ. ಅಂಗಡಿಗೆ ಸರಕು ಬರುವ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಅದರ ಮೇಲೆ ಚಿತ್ರ ಬಿಡಿಸುತ್ತಾಳೆ. ಗಾಳಿಯಂತ್ರ, ಕುರಿ ಮಂದೆ, ಸಾಲ ಕೇಳಲು ಬಂದು ನಿಂತ ಗಿರಾಕಿಯ ಮುಖ. ಮುಂದೆ ಓದಿದರೆ ಚಿತ್ರಕಲೆಯೇ ಎಂದಳು. ಅವಳ ಉಮ್ಮನಿಗೆ ಅವಳು ಟೀಚರ್ ಆಗಬೇಕೆಂದು ಆಸೆ. ಸುದ್ದಿ ಊರಿಗೆ ಮುಟ್ಟಿದ ಮೇಲೆ ಫೋನುಗಳು ಶುರುವಾದವು. ಕೆಲವರು ಜೀವ ಇರುವುದರ ಚಿತ್ರ ಬರೆಯಬಹುದೇ ಎಂದು ಕೇಳಿದರು. ಅದಕ್ಕೆ ಉತ್ತರ ಹೇಳುವಷ್ಟು ಓದಿದವನಲ್ಲ ನಾನು, ತಿಳಿದ ಉಸ್ತಾದರಿದ್ದಾರೆ. ಆದರೆ ಭಾವ ಕೇಳಿದ್ದು ಬೇರೆ: "ಚಿತ್ರ ಮಾಡಿ ಯಾರು ಹೊಟ್ಟೆ ತುಂಬಿಸಿಕೊಂಡಿದ್ದಾರೆ?" ಇದು ಲೆಕ್ಕದ ಪ್ರಶ್ನೆ. ಬ್ಯಾರಿಯಾಗಿ ಹುಟ್ಟಿ ಲೆಕ್ಕ ನೋಡದೆ ಹೌದು ಅಲ್ಲ ಎನ್ನಲು ಆಗುತ್ತದೆಯೇ ಮಾರಾಯ್ರೆ?

ಹಾಗಾಗಿ 2025ರ ಜನವರಿ 5ರ ಭಾನುವಾರ ಬೆಂಗಳೂರಿನ ಚಿತ್ರಸಂತೆಗೆ ಹೊರಟೆವು. ಕಲ್ಯಾಣದುರ್ಗದಲ್ಲಿ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಮೆಜೆಸ್ಟಿಕ್, ಅಲ್ಲಿಂದ ಶಿವಾನಂದ ಸರ್ಕಲ್. ಇಂಥ ಜಾಗಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು.

ಚಿತ್ರಗಳ ಪ್ರದರ್ಶನ ಎಂದರೆ ಎ.ಸಿ. ಹಾಲ್, ಪಿಸುಮಾತು ಎಂದುಕೊಂಡಿದ್ದೆ. ಇದು ನಿಜಕ್ಕೂ ಸಂತೆ. ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಎರಡೂ ಬದಿ ಸಾವಿರಕ್ಕೂ ಹೆಚ್ಚು ಕಲಾವಿದರು ಕೂತಿದ್ದರು. ನೂರು ರೂಪಾಯಿಯ ಕಾರ್ಡೂ ಉಂಟು, ಲಕ್ಷದ ಕ್ಯಾನ್ವಾಸೂ ಉಂಟು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಇದನ್ನು ನಡೆಸುತ್ತಿದೆ. ಅದು 22ನೆಯ ಸಂತೆ, ಆ ವರ್ಷ ಹೆಣ್ಣುಮಗುವಿಗೆ ಅರ್ಪಣೆ. ಬೋರ್ಡು ಓದಿ ಮಗಳು ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ನನಗೆ ಹಿಡಿಸಿದ ಸಂಗತಿ ಏನೆಂದರೆ, ಮಾರಿದ ಹಣದಲ್ಲಿ ಪರಿಷತ್ತು ಕಮಿಷನ್ ತೆಗೆದುಕೊಳ್ಳುವುದಿಲ್ಲ. ಮಧ್ಯೆ ಕೂತು ತಿನ್ನುವವರಿಲ್ಲ. ವ್ಯಾಪಾರ ಮಾಡುವವನಿಗೆ ಇದರ ಬೆಲೆ ಗೊತ್ತು.

ಒಂದು ಕಡೆ ತೆಲುಗು ಕಿವಿಗೆ ಬಿತ್ತು. ನಿಮ್ಮಲಕುಂಟದವರು, ತೊಗಲುಗೊಂಬೆ ಮಾಡುವವರು. ಧರ್ಮಾವರದ ಬಳಿಯ ಆ ಹಳ್ಳಿ 2022ರ ವರೆಗೆ ನಮ್ಮ ಅನಂತಪುರ ಜಿಲ್ಲೆಯದೇ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿದೆ. ಇಷ್ಟು ವರ್ಷ ಅಷ್ಟು ಹತ್ತಿರವಿದ್ದೂ ನಾನು ಅವರ ಕೆಲಸ ನೋಡಿದ್ದು ಬೆಂಗಳೂರಿನ ರಸ್ತೆಯಲ್ಲಿ!

ಒಬ್ಬ ಗಿರಾಕಿ ದೀಪದ ತೊಗಲಿನ ಶೇಡ್ ಹಿಡಿದು, "ಸಾವಿರದ ಇನ್ನೂರಾ? ಆರುನೂರಕ್ಕೆ ಕೊಡಿ" ಎಂದ. ಕಲಾವಿದ ಸಿಟ್ಟಾಗಲಿಲ್ಲ. ಮೇಕೆಯ ಚರ್ಮ ನೆನೆಸಬೇಕು, ಕೂದಲು ಹೆರೆಯಬೇಕು, ಬೆಳಕು ತೂರುವಷ್ಟು ತೆಳುವಾಗಿ ಎಳೆದು ಒಣಗಿಸಬೇಕು, ಗೆರೆ ಬರೆದು ಒಂದೊಂದೇ ತೂತು ಕೊರೆಯಬೇಕು, ಆಮೇಲೆ ಎರಡೂ ಬದಿ ಬಣ್ಣ ಎಂದು ವಿವರಿಸಿದ. ಗಿರಾಕಿ ಶೇಡ್ ಇಟ್ಟು ಹೋದ. ನಾನು ಮನಸ್ಸಿನಲ್ಲೇ ಕೂಲಿ ಹಾಕಿ ನೋಡಿದೆ. ಸಾವಿರದ ಇನ್ನೂರು ಜಾಸ್ತಿಯಲ್ಲ, ಕಡಿಮೆಯೇ. ನನ್ನ ಅಂಗಡಿಯ ಪ್ಲಾಸ್ಟಿಕ್ ಗೊಂಬೆಯಲ್ಲಿ ಇದಕ್ಕಿಂತ ಲಾಭ ಹೆಚ್ಚು, ಆದರೆ ಅದು ಮೂರು ದಿನಕ್ಕೆ ಮುರಿಯುತ್ತದೆ. ಚರ್ಚೆ ಮಾಡದೆ ದುಡ್ಡು ಕೊಟ್ಟೆ. ಮಗಳು ನವಿಲಿನದು ಬಿಟ್ಟು ಹೂಬಳ್ಳಿಯದನ್ನು ಆರಿಸಿದಳು. "ಉಪ್ಪಾ, ಇದಾದರೆ ಉಮ್ಮ ಹಾಲ್‌ನಲ್ಲಿ ಇಡಲು ಬಿಡ್ತಾರೆ" ಎಂದಳು. ಅವಳಿಗೂ ಲೆಕ್ಕ ಬರುತ್ತದೆ.

ಮಧ್ಯಾಹ್ನ, ಬಿಜಾಪುರ ಕಡೆಯ ಒಬ್ಬ ಹುಡುಗಿಯ ಪಕ್ಕ ನೆರಳಿಗೆ ಕೂತೆವು. ಅವಳು ನಾಲ್ಕು ವರ್ಷದ ಬಿ.ವಿ.ಎ. ಮುಗಿಸಿದವಳು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ತಿಂಗಳಿಗೆ ಎಷ್ಟು ಸಿಗುತ್ತದೆ ಎಂದು. ಮಗಳು ನನ್ನ ಕೈ ಚಿವುಟಿದಳು. ಆ ಹುಡುಗಿ ನಗುತ್ತಾ ಹೇಳಿದಳು: "ಅಂಕಲ್, ಸಂತೆ ಒಂದೇ ದಿನ. ಉಳಿದ ದಿನ ಶಾಲೆಯಲ್ಲಿ ಡ್ರಾಯಿಂಗ್ ಕಲಿಸ್ತೀನಿ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀನಿ. ಬಾಡಿಗೆ ಕಟ್ಟಿ ಮನೆಗೂ ಸ್ವಲ್ಪ ಕಳಿಸ್ತೀನಿ."

ಇದು ನನಗೆ ಗೊತ್ತಿರುವ ಬದುಕೇ. ನಮಗೂ ಪೆರ್ನಾಳ್, ಯುಗಾದಿ, ಜಾತ್ರೆ ಬಂದಾಗ ವ್ಯಾಪಾರ. ಉಳಿದ ದಿನ ಅದೂ ಇದೂ ಕೂಡಿಸಿ ಸಂಸಾರ. ಭಾವನಿಗೆ ಫೋನಿನಲ್ಲಿ ಇಷ್ಟನ್ನೇ ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ಬೈಯಲೂ ಇಲ್ಲ.

ಹೊರಡುವ ಮೊದಲು ಪರಿಷತ್ತಿನ ಒಳಗಿನ ತೊಗಲುಗೊಂಬೆಗಳನ್ನೂ ನೋಡಿದೆವು. ಪರಿಷತ್ತು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರಿಗೆ ಅವುಗಳ ಹುಚ್ಚು ಇತ್ತಂತೆ. ನನಗೆ ಕಾಲು ನೋವು, ಮಗಳಿಗೆ ಹೊರಗೆ ಬರಲು ಮನಸ್ಸಿಲ್ಲ.

ಅವಳ ಉಮ್ಮ ಇನ್ನೂ ಹೂಂ ಅಂದಿಲ್ಲ. ಹಾಸ್ಟೆಲಿನ ಊಟ ಹೇಗೆ, ಜೊತೆಗೆ ನಮ್ಮ ಕಡೆಯ ಹುಡುಗಿಯರು ಇದ್ದಾರಾ ಎಂದು ದಿನಾ ಕೇಳುತ್ತಾಳೆ. ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿರುವ ಹೆಣ್ಣುಮಕ್ಕಳು ನಿಮ್ಮ ಕುಟುಂಬದಲ್ಲಿದ್ದರೆ ತಿಳಿಸಿ. ಅವಳು ಅವರ ಉಮ್ಮಂದಿರ ಜೊತೆ ಮಾತಾಡಬೇಕಂತೆ.