ಭಾಮಿನಿಯೂ ಕುಕ್ಕರೂ

ಅಚ್ಚಾದ ಪುಸ್ತಕದಲ್ಲಿ ನನಗೆ ಪ್ರಿಯವಾದ ಭಾಗ ಯಾವುದೆಂದು ಯಾರಾದರೂ ಕೇಳಿದರೆ, ಕೊನೆಯಲ್ಲಿರುವ ಒಪ್ಪೋಲೆ ಎನ್ನುತ್ತೇನೆ. ಎಡಗಡೆ ‘ತಪ್ಪು’, ಬಲಗಡೆ ‘ಒಪ್ಪು’, ಪಕ್ಕದಲ್ಲಿ ಪುಟ ಮತ್ತು ಸಾಲಿನ ಸಂಖ್ಯೆ. ತಪ್ಪು ಮಾಡಿದವನಿಗೆ ಇಷ್ಟು ಅಗ್ಗದ ಪ್ರಾಯಶ್ಚಿತ್ತ ಬೇರೆಲ್ಲಿ ಸಿಕ್ಕೀತು? ಈ ಮಾತು ಈಗೇಕೆ ಎಂದರೆ, ಒಪ್ಪೋಲೆಯಿಲ್ಲದ ಒಂದು ಲೋಕದಲ್ಲಿ ನಾನೂ ಕೆಲವು ಕಾಲ ಪ್ರಕಾಶಕನಾಗಿದ್ದೆ.

ಪ್ರಕಟವಾಗಬೇಕೆಂಬ ಚಪಲ ನನಗೆ ಹಳೆಯದು. ೨೦೦೮ರಲ್ಲಿ, ಎಂ.ಎ. ಮುಗಿಸಿ ಉಪನ್ಯಾಸಕನಾದ ಹೊಸದರಲ್ಲಿ, ಒಂದು ಬ್ಲಾಗು ತೆರೆದೆ. ಆಗ ಕನ್ನಡ ಬ್ಲಾಗುಗಳ ಸುಗ್ಗಿ. ೧೯೯೮ರಲ್ಲಿ ಬಂದ ‘ಬರಹ’ ತಂತ್ರಾಂಶ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಸುಲಭಮಾಡಿತ್ತು. ಯೂನಿಕೋಡ್ ಬಳಕೆಗೆ ಬಂದಮೇಲೆ ಒಂದು ಊರಿನಲ್ಲಿ ಬರೆದದ್ದು ಇನ್ನೊಂದು ಊರಿನ ಯಂತ್ರದಲ್ಲಿ ಚೌಕಗಳಾಗದೆ ಅಕ್ಷರಗಳಾಗಿಯೇ ಕಾಣತೊಡಗಿತ್ತು. ಸಂಪಾದಕರಿಲ್ಲ, ‘ವಿಷಾದದಿಂದ ಹಿಂದಿರುಗಿಸಿದೆ’ ಎಂಬ ಚೀಟಿಯಿಲ್ಲ. ರಾತ್ರಿ ಹನ್ನೊಂದಕ್ಕೆ ಬರೆದದ್ದು ಹನ್ನೊಂದೂಕಾಲಿಗೆ ಪ್ರಕಟ! ಓದುವವರು ಯಾರು? ನನ್ನಂತೆಯೇ ಬ್ಲಾಗು ತೆರೆದಿದ್ದ ಹತ್ತು ಹನ್ನೆರಡು ಮಂದಿ. ಮದುವೆಮನೆಯ ಮುಯ್ಯಿಯಂತೆ, ಅವರು ನನ್ನದನ್ನು ಹೊಗಳಿದರೆ ನಾನು ಅವರದನ್ನು ಹೊಗಳುತ್ತಿದ್ದೆ. ಬರಬರುತ್ತ ಒಬ್ಬೊಬ್ಬರಾಗಿ ಫೇಸ್‌ಬುಕ್ಕಿಗೆ ಹೊರಟುಹೋದರು. ನನ್ನ ಬ್ಲಾಗು ಇಂದಿಗೂ ಅಲ್ಲಿಯೇ ಇದೆ, ಬಾಗಿಲು ತೆರೆದೇ ಇರುವ ಪಾಳುಮನೆಯ ಹಾಗೆ.

೨೦೨೦ರ ಮಾರ್ಚ್ ತಿಂಗಳಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿತು. ಪಾಠ ನಿಲ್ಲಬಾರದಲ್ಲ? ಮಗಳು ಹೇಳಿದಳು: “ಅಪ್ಪ, ಯೂಟ್ಯೂಬಿಗೆ ಹಾಕು.” ಆ ಜಾಲತಾಣದ ಮೊಟ್ಟಮೊದಲ ಚಿತ್ರವನ್ನೂ ಅವಳೇ ತೋರಿಸಿದಳು. ೨೦೦೫ರ ಏಪ್ರಿಲ್ ೨೩ರಂದು ಹಾಕಿದ್ದು, ೧೯ ಸೆಕೆಂಡಿನದು. ಸ್ಥಾಪಕರಲ್ಲೊಬ್ಬರು ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಅವಕ್ಕೆ ಸೊಂಡಿಲು ಬಹಳ ಉದ್ದವಾಗಿದೆ ಎಂಬರ್ಥದ ಮಾತಾಡಿ ಮುಗಿಸುತ್ತಾರೆ. ಅದನ್ನು ಕೋಟಿಗಟ್ಟಲೆ ಸಲ ನೋಡಿದ್ದಾರಂತೆ. ನನಗೆ ಧೈರ್ಯ ಬಂತು. ಆನೆಗೆ ಸೊಂಡಿಲಿದೆಯೆಂಬ ಸಂಗತಿಗೇ ಇಷ್ಟು ಜನ ಇದ್ದರೆ ಕುಮಾರವ್ಯಾಸನಿಗೆ ಇರರೇ?

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿ ನಾಲ್ಕನ್ನು ಮೇಜಿನ ಮೇಲೆ ಪೇರಿಸಿ, ಅದರ ಮೇಲೆ ಫೋನನ್ನು ಆನಿಸಿ ಪಾಠ ಶುರುಮಾಡಿದೆ. ಮೊದಲ ಪಾಠವನ್ನು ನೋಡಿದವರು ೩೭ ಮಂದಿ. ಅದರಲ್ಲಿ ನಾನು, ನನ್ನಾಕೆ, ಮಗಳು, ಭಾವಮೈದುನ ಇವರನ್ನು ಕಳೆದರೆ ಉಳಿದವರು ನನ್ನ ತರಗತಿಯ ಅರ್ಧದಷ್ಟೂ ಇರಲಿಲ್ಲ. ಎರಡನೆಯದಕ್ಕೆ ೨೯, ಮೂರನೆಯದಕ್ಕೆ ೩೧. ತರಗತಿಯಲ್ಲಿ ಹಿಂದಿನ ಬೆಂಚಿನವರು ನಿದ್ದೆಮಾಡುವುದು ನನಗೆ ಗೊತ್ತಿತ್ತು. ಆದರೆ ಅವರು ನಿದ್ದೆಹೋದ ನಿಮಿಷವನ್ನು ಗೆರೆ ಎಳೆದು ತೋರಿಸುವ ಯಂತ್ರವನ್ನು ಕಂಡದ್ದು ಅದೇ ಮೊದಲು.

ಹೀಗಿರುವಾಗ ಒಂದು ದಿನ ಭಾಮಿನಿ ಷಟ್ಪದಿಯ ಪಾಠ. ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಗಣಗಳು ಬರುವುದನ್ನು ಮಕ್ಕಳಿಗೆ ತಿಳಿಸಲು, “ತುಂಬಿದ ಕೊಡ ಹೊತ್ತವಳ ನಡಿಗೆ ನೋಡಿ: ಒಂದು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ” ಎಂದೆ. ಹೋಲಿಕೆ ನನ್ನ ಸ್ವಂತದ್ದು. ಹೇಳುವಾಗ ನನಗೇ ಹೆಮ್ಮೆ. “ಹೀಗೆ ಆರು ಸಾಲು ಸೇರಿ ಒಟ್ಟು ಮಾತ್ರೆ…” ಎನ್ನುವಷ್ಟರಲ್ಲಿ ಅಡಿಗೆಮನೆಯ ಕುಕ್ಕರು ಗಗನಭೇದಿಯಾಗಿ ಕೂಗಿತು. ನಾನು ಕುರ್ಚಿಯಿಂದ ಎಗರಿದೆ. ನಿಘಂಟಿನ ಸಂಪುಟ ಜಾರಿ ಫೋನು ವಾಲಿತು. ಅದನ್ನು ನೆಟ್ಟಗೆ ಮಾಡುತ್ತ ಏನೋ ಒಂದು ಸಂಖ್ಯೆ ಹೇಳಿ ಪಾಠ ಮುಂದುವರಿಸಿದೆ. ತಿರುಗಿ ಮಾಡಲು ಬೇಸರವಾಗಿ ಹಾಗೆಯೇ ಹಾಕಿಬಿಟ್ಟೆ.

ಯಾರೋ ಆ ಅರ್ಧ ನಿಮಿಷವನ್ನು ಕತ್ತರಿಸಿ ವಾಟ್ಸಾಪಿನಲ್ಲಿ ಹರಿಯಬಿಟ್ಟರು. ಮೂರೇ ವಾರದಲ್ಲಿ ನನ್ನ ಪಾಠವನ್ನು ನೋಡಿದವರ ಸಂಖ್ಯೆ ಹನ್ನೊಂದು ಸಾವಿರ ದಾಟಿತು. ಕೆಳಗೆ ಒಕ್ಕಣೆಗಳ ಮಳೆ. “ಅನ್ನ ಆಯಿತೇ ಸಾರ್?” “ಎಷ್ಟು ಕೂಗಿಗೆ ಇಳಿಸಬೇಕು?” ನಾನು ಎಲ್ಲರಿಗೂ ಹೃದಯದ ಗುರುತು ಒತ್ತುತ್ತ ಹೋದೆ. ತರಕಾರಿ ಕೊಳ್ಳುವಾಗ ಮುಖವಸ್ತ್ರ ತೊಟ್ಟಿದ್ದರೂ ಒಬ್ಬರು ಗುರುತು ಹಿಡಿದು ನಕ್ಕರು. ಯಾವ ಪಂಡಿತನಿಗೆ ಈ ಭಾಗ್ಯ?

ಮಿತ್ರರೊಬ್ಬರು ಹಣದ ಮಾತೆತ್ತಿದರು. ಜಾಹೀರಾತಿನ ಪಾಲು ಬರಬೇಕಾದರೆ ಆಗ ಒಂದು ಸಾವಿರ ಚಂದಾದಾರರು ಬೇಕಿತ್ತು. ಜನ ಒಂದು ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ನೋಡಿರಬೇಕಿತ್ತು. ಹನ್ನೊಂದು ಸಾವಿರ ಮಂದಿಯಲ್ಲಿ ಹೆಚ್ಚಿನವರು ಕುಕ್ಕರಿನ ಕೂಗು ಕೇಳಿ ಎದ್ದುಹೋದವರು. ತಲೆಗೊಂದು ನಿಮಿಷವೆಂದು ಹಿಡಿದರೂ ೧೮೩ ಗಂಟೆ. ಲೆಕ್ಕ ನೋಡಿ ನಗಬೇಕಾಗಿತ್ತು. ನಾನು ನಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ: ಮುಂದಿನ ಪಾಠದ ದಿನ ಬರಿಯ ನೀರು ಹಾಕಿ ಕುಕ್ಕರನ್ನು ಒಲೆಯ ಮೇಲಿಟ್ಟೆ.

ನನ್ನಾಕೆ ಮುಚ್ಚಳ ತೆಗೆದು ನೋಡಿದಳು. “ರೀ, ಅಕ್ಕಿಯೇ ಇಲ್ವಲ್ರೀ ಇದರಲ್ಲಿ!” ಎಂದಳು. ಬೇರೇನೂ ಹೇಳಲಿಲ್ಲ. ಆ ಪಾಠದಲ್ಲಿಯೂ ಕುಕ್ಕರು ಕೂಗಿತು, ನಾನೂ ಎಗರಿದೆ. ನೋಡಿದವರು ೪೪ ಮಂದಿ. ಜನಕ್ಕೆ ಎಲ್ಲವೂ ತಿಳಿಯುತ್ತದೆ.

ಮರುವರ್ಷ ಮೌಲ್ಯಮಾಪನಕ್ಕೆ ಹೋಗಿದ್ದೆ. ಎಲ್ಲಿಯ ಮಕ್ಕಳದೋ ಕಟ್ಟು; ಹೆಸರಿಲ್ಲ, ಊರಿಲ್ಲ. ಭಾಮಿನಿ ಷಟ್ಪದಿಯ ಲಕ್ಷಣಕ್ಕೆ ಐದು ಅಂಕ. ಒಂದು ಪತ್ರಿಕೆಯಲ್ಲಿ ‘ಒಟ್ಟು ಮಾತ್ರೆ ೧೪೪’ ಎಂದಿತ್ತು. ಭಾಮಿನಿಗೆ ೧೦೨, ೧೪೪ ವಾರ್ಧಕದ್ದು. ಕೆಂಪು ಗೆರೆ ಎಳೆದು ಒಂದು ಅಂಕ ಕಳೆದೆ. ಹತ್ತು ಪತ್ರಿಕೆ ದಾಟುವಷ್ಟರಲ್ಲಿ ಮತ್ತೆ ೧೪೪. ಮೂರನೆಯದರಲ್ಲಿ ಅದರ ಮೇಲಿನ ಸಾಲಿಗೂ ಕಣ್ಣು ಹೋಯಿತು: ‘ತುಂಬಿದ ಕೊಡ ಹೊತ್ತವಳ ನಡಿಗೆಯಂತೆ, ಒಂದು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ.’ ತಿರುವಿ ನೋಡಿದೆ. ಮೂರರಲ್ಲಿಯೂ ಅದೇ ಕೊಡ, ಅದೇ ಹೆಜ್ಜೆ.

ನನ್ನ ಕೈಯಲ್ಲಿದ್ದ ಲೇಖನಿ ನಿಂತುಹೋಯಿತು. ಪಕ್ಕದ ಹಿರಿಯರನ್ನು, “ಪಾಠ ಹೇಳಿದವನದೇ ತಪ್ಪಾಗಿದ್ದರೆ ಏನು ಮಾಡುವುದು ಸಾರ್?” ಎಂದು ಕೇಳಿದೆ. ಅವರು ತಲೆಯೆತ್ತದೆ, “ಪಾಠ ಹೇಳಿದವನ ಉತ್ತರಪತ್ರಿಕೆ ನಮ್ಮ ಮುಂದೆ ಇಲ್ಲವಲ್ಲ” ಎಂದರು. ಮೂವರಿಗೂ ಅಂಕ ಕಳೆದೇ ಕಟ್ಟನ್ನು ಒಪ್ಪಿಸಿದೆ.

ಆ ರಾತ್ರಿ ನನ್ನ ಪಾಠವನ್ನು ಮೊದಲಿನಿಂದ ಕೇಳಿದೆ. ಅಷ್ಟು ದಿನ ನಾನು ನೋಡುತ್ತಿದ್ದುದು ಸಂಖ್ಯೆಯನ್ನು, ಪಾಠವನ್ನಲ್ಲ. ಕುಕ್ಕರು ಕೂಗುತ್ತದೆ, ನಾನು ಎಗರುತ್ತೇನೆ, “ನೂರ ನಲವತ್ತನಾಲ್ಕು” ಎನ್ನುತ್ತೇನೆ. ಸಾಲದುದಕ್ಕೆ ಒಕ್ಕಣೆಗಳ ರಾಶಿಯ ಕೆಳಗೆ ಒಂದು ಸಿಕ್ಕಿತು: “ಸಾರ್, ೧೦೨ ಅಲ್ಲವೇ?” ಎಂಟು ತಿಂಗಳ ಹಿಂದಿನದು. ನಾನು ಓದದೆಯೇ ಅದಕ್ಕೂ ಹೃದಯ ಒತ್ತಿದ್ದೆ.

ತರಗತಿಯಲ್ಲಿ ತಪ್ಪು ಹೇಳಿದರೆ ಮರುದಿನ ಅದೇ ಮಕ್ಕಳ ಮುಂದೆ ತಿದ್ದಿಕೊಳ್ಳಬಹುದು. ಇಲ್ಲಿ ಕೇಳಿಹೋದವರು ಎಲ್ಲಿಯವರೋ! ಹಾಕಿದ ಚಿತ್ರದ ಜಾಗದಲ್ಲಿ ತಿದ್ದಿದ ಇನ್ನೊಂದನ್ನು ಇಡಲು ಬರುವುದಿಲ್ಲ. ನಡುವೆ ಒಂದಿಷ್ಟು ಕತ್ತರಿಸಬಹುದು. ಆದರೆ ತಪ್ಪೂ ಕುಕ್ಕರಿನ ಕೂಗೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ತಪ್ಪನ್ನು ತೆಗೆದರೆ ಕೂಗು ಹೋಗುತ್ತದೆ. ಕೂಗನ್ನು ಉಳಿಸಿದರೆ ತಪ್ಪು ಉಳಿಯುತ್ತದೆ. ಕೆಳಗೆ ಒಂದು ತಿದ್ದುಪಡಿ ಬರೆದು ಸುಮ್ಮನಿರಬಹುದಿತ್ತು. ಆದರೆ ಒಕ್ಕಣೆಗಳನ್ನು ಯಾರು ಓದುತ್ತಾರೆಂಬುದು, ನನ್ನನ್ನು ನೋಡಿಯೇ, ನನಗೆ ಗೊತ್ತಿತ್ತು. ಎರಡು ರಾತ್ರಿ ಯೋಚಿಸಿದೆ. ಹನ್ನೊಂದು ಸಾವಿರವನ್ನು ಕೈಯಾರೆ ಅಳಿಸುವುದು ಸುಲಭವಲ್ಲ, ಅವರು ಕುಕ್ಕರಿಗೆ ಬಂದವರೇ ಆಗಿದ್ದರೂ. ಮೂರನೆಯ ದಿನ ಅಳಿಸಿದೆ.

ಪಾಠವನ್ನು ಹೊಸದಾಗಿ ಮಾಡಿದೆ. ಆರಂಭಿಸುವ ಮುಂಚೆ ನನ್ನಾಕೆ ಬಾಗಿಲಲ್ಲಿ ನಿಂತು, “ಕುಕ್ಕರು ಈಗ ಇಡಲೋ, ಆಮೇಲೆ ಇಡಲೋ?” ಎಂದಳು. ಆಮೇಲೆ ಎಂದೆ. ಮೊದಲ ನಿಮಿಷದಲ್ಲಿಯೇ ಹಿಂದಿನ ತಪ್ಪನ್ನು ಹೇಳಿಕೊಂಡೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ತಲಾ ೧೪. ಮೂರು ಮತ್ತು ಆರರಲ್ಲಿ ತಲಾ ೨೩. ಬೆರಳು ಮಡಿಸಿ ಕೂಡಿಸಿ ತೋರಿಸಿದೆ. ಈತನಕ ನೋಡಿದವರು ಇನ್ನೂರಕ್ಕೆ ಐದು ಕಡಮೆ. ಇವರಲ್ಲಿ ಅನೇಕರು ಕಡೆಯವರೆಗೂ ಕುಳಿತಿದ್ದಾರೆಂದು ಆ ಗೆರೆ ಎಳೆಯುವ ಯಂತ್ರವೇ ಹೇಳುತ್ತದೆ.

ಆದರೆ ಆ ಮೂವರು? ಅವರು ಹೊಸ ಪಾಠವನ್ನು ನೋಡಲಾರರು. ಅವರ ಪರೀಕ್ಷೆ ಮುಗಿದಿದೆ. ತಮ್ಮ ಒಂದು ಅಂಕವನ್ನು ಕಳೆದವನೂ ಅದಕ್ಕೆ ಕಾರಣನಾದವನೂ ಒಬ್ಬನೇ ಎಂಬುದು ಅವರಿಗೆ ತಿಳಿಯದು. ಅವರ ಮನೆಗೆ ಈ ಪತ್ರಿಕೆ ಬರುತ್ತಿರಬಹುದೆಂಬ ಒಂದು ಆಸೆಯಿಂದ ಇದನ್ನು ಬರೆದಿದ್ದೇನೆ. ಪುಟ, ಸಾಲುಗಳ ಸಂಖ್ಯೆ ಇಲ್ಲವಾದರೂ ಇದು ಒಪ್ಪೋಲೆಯೇ.

ತಪ್ಪು: ೧೪೪. ಒಪ್ಪು: ೧೦೨.