ಫ್ಲಾರೆನ್ಸಿನ ಮೂರು ದಿನದ ಸೂಪು

ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋದವರೆಲ್ಲ ದೊಡ್ಡ ಗುಮ್ಮಟದ ಚರ್ಚು, ಚಿತ್ರಶಾಲೆಗಳು, ಆರ್ನೋ ನದಿಯ ಹಳೆಯ ಸೇತುವೆ ನೋಡಿ ಬರುತ್ತಾರೆ. ನಾನೂ ನೋಡಿದೆ. ಆದರೆ ಆ ಊರು ನನಗೆ ಹತ್ತಿರವಾದದ್ದು ಒಂದು ಸೂಪಿನಿಂದ. ಅದರ ಹೆಸರು ರಿಬೊಲ್ಲಿತಾ. ಹಾಗೆಂದರೆ ‘ಮತ್ತೆ ಕುದಿಸಿದ್ದು’ ಎಂದರ್ಥ.

ನಾವು ಬಾಡಿಗೆಗೆ ಹಿಡಿದಿದ್ದ ಕೋಣೆಯ ಒಡತಿಗೆ ಎಂಬತ್ತೆಂಟು ವರ್ಷ. ಹನ್ನೆರಡರ ಮೊಮ್ಮಗ ಅವರ ಮಾತನ್ನು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನಮಗೆ ಹೇಳುತ್ತಿದ್ದ. ಜನವರಿಯ ಒಂದು ಶುಕ್ರವಾರ ಅಜ್ಜಿ ನಮ್ಮನ್ನು ಸಂತ ಆಂಬ್ರೋಜಿಯೋ ಮಾರುಕಟ್ಟೆಗೆ ಕರೆದುಕೊಂಡು ಹೋದರು. 1873ರಲ್ಲಿ ಕಟ್ಟಿದ ಮಾರುಕಟ್ಟೆ ಅದು. ಒಳಗೆ ಚೀಸು, ಮಾಂಸ, ಬ್ರೆಡ್ಡಿನ ಅಂಗಡಿಗಳು. ಹೊರಗೆ ತರಕಾರಿಯ ಸಾಲು. ಅಜ್ಜಿ ಮೊದಲು ಕೈಹಾಕಿದ್ದು ಕಡುಹಸಿರು ಎಲೆಯ ಕಟ್ಟಿಗೆ. ಕಾವೊಲೊ ನೇರೊ, ಅಂದರೆ ಕಪ್ಪು ಕೋಸು. ಹೆಸರಿಗೆ ಕೋಸಾದರೂ ನಮ್ಮ ಎಲೆಕೋಸಿನಂತೆ ಉಂಡೆ ಕಟ್ಟುವುದಿಲ್ಲ. ಉದ್ದನೆಯ ಎಲೆ, ಮೈತುಂಬ ಸುಕ್ಕು. ಚಳಿ ಚೆನ್ನಾಗಿ ಕಚ್ಚಿದ ಮೇಲೆ ಕಿತ್ತ ಎಲೆಯೇ ರುಚಿ ಎಂದರು.

ಆಮೇಲೆ ಎಲೆಕೋಸು, ಕ್ಯಾರೆಟ್, ಸೆಲೆರಿ, ಈರುಳ್ಳಿ, ಆಲೂಗಡ್ಡೆ ಕೊಂಡೆವು. ಬ್ರೆಡ್ಡು ಮಾತ್ರ ಕೊಳ್ಳಲಿಲ್ಲ. ‘ಹೊಸ ಬ್ರೆಡ್ಡು ಈ ಸೂಪಿಗೆ ಆಗದು, ಮನೆಯಲ್ಲಿ ಒಣಗಿದ್ದು ಇದೆ’ ಎಂದರು ಅಜ್ಜಿ. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ಸಲ ತಿಂದವರಿಗೆ ಸಪ್ಪೆ. ಎರಡು ಮೂರು ದಿನಕ್ಕೆ ಅದು ಗಟ್ಟಿಯಾಗುತ್ತದೆ. ಅಲ್ಲಿಯವರು ಅದನ್ನು ಎಸೆಯದೆ ಸೂಪಿಗೆ ಹಾಕುತ್ತಾರೆ.

ಅಂದು ಮಾಡಿದ್ದು ಬರೀ ತರಕಾರಿ ಮತ್ತು ಕಾಳಿನ ಸೂಪು. ಬಿಸಿಬಿಸಿಯಾಗಿ ಉಂಡೆವು. ಶನಿವಾರ ಅಜ್ಜಿ ಮಣ್ಣಿನ ಪಾತ್ರೆಯಲ್ಲಿ ಒಣಬ್ರೆಡ್ಡಿನ ಹೋಳುಗಳನ್ನು ಹಾಸಿ, ಮೇಲೆ ಉಳಿದ ಸೂಪು, ಮತ್ತೆ ಬ್ರೆಡ್ಡು, ಮತ್ತೆ ಸೂಪು, ಹೀಗೆ ಪದರ ಪದರವಾಗಿ ಹಾಕಿದರು. ಬ್ರೆಡ್ಡು ರಸವನ್ನೆಲ್ಲ ಹೀರಿಕೊಂಡಿತು. ಭಾನುವಾರ ಅದನ್ನೇ ಮತ್ತೆ ಕುದಿಸಿದಾಗ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ! ಮೇಲೆ ಒಂದು ಎಳೆ ಹಸಿ ಆಲಿವ್ ಎಣ್ಣೆ, ಅಷ್ಟೇ. ಮೂರು ದಿನದಲ್ಲಿ ಮೂರನೆಯದೇ ಹೆಚ್ಚು ರುಚಿ.

ಒಂದು ಚೂರು ಮೇಜಿನ ಕೆಳಗೆ ಬಿದ್ದಾಗ ಅಜ್ಜಿ ಬಗ್ಗಿ ಎತ್ತಿಕೊಂಡರು. ‘ಅಜ್ಜಿ ಯಾವಾಗಲೂ ಹೀಗೇ’ ಎಂದು ಹುಡುಗ ನಕ್ಕ. ಅವರು ನಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯಲ್ಲಿ ಬ್ರೆಡ್ಡಿಗೂ ರೇಷನ್ ಬಂದಿತ್ತು. 1942ರ ಮಾರ್ಚಿನಲ್ಲಿ ಸಾಮಾನ್ಯ ಜನರ ಪಾಲನ್ನು ದಿನಕ್ಕೆ 150 ಗ್ರಾಮಿಗೆ ಇಳಿಸಿದರು. 1944ರ ಆಗಸ್ಟಿನಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯ ಆರ್ನೋ ನದಿಯ ಸೇತುವೆಗಳಲ್ಲಿ ಹಳೆಯದೊಂದನ್ನು ಬಿಟ್ಟು ಉಳಿದವನ್ನು ಸ್ಫೋಟಿಸಿತು. ಆಗ ಈ ಅಜ್ಜಿ ಪುಟ್ಟ ಹುಡುಗಿ. ‘ಅಮ್ಮ ಹೋಳುಗಳನ್ನು ಎಣಿಸಿ ಕೊಡುತ್ತಿದ್ದಳು. ತನ್ನ ಪಾಲಿನದನ್ನು ಸೂಪಿಗೆ ಹಾಕಿ ನಮಗೇ ಬಡಿಸುತ್ತಿದ್ದಳು. ಅದು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ’ ಎಂದರು. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸುವಾಗ ಹುಡುಗನ ಧ್ವನಿ ಸಣ್ಣದಾಯಿತು. ಅವನೂ ಮೊದಲ ಸಲ ಕೇಳುತ್ತಿದ್ದನಂತೆ.

ಇದು ಬಡವರ ಊಟವೇ. ಇದಕ್ಕೆ ಹತ್ತಿರದ ಸೂಪೊಂದನ್ನು ಪೆಲ್ಲೆಗ್ರಿನೊ ಆರ್ಟುಸಿ ಎಂಬವರು 1891ರಲ್ಲಿ ಅಚ್ಚುಮಾಡಿಸಿದ ತಮ್ಮ ಹೆಸರಾಂತ ಅಡುಗೆ ಪುಸ್ತಕಕ್ಕೆ ಸೇರಿಸಿದ್ದಾರೆ. ರೈತರ ಸೂಪು ಎಂಬ ಹೆಸರು ಇದರ ವಿನಯ ಅಷ್ಟೇ, ಮನಸ್ಸಿಟ್ಟು ಮಾಡಿದರೆ ಸಿರಿವಂತರಿಗೂ ಹಿಡಿಸುತ್ತದೆ ಎಂಬುದು ಅವರ ಅಭಿಪ್ರಾಯ. ಆರ್ಟುಸಿ ಬಾಳಿ, ತೀರಿಕೊಂಡದ್ದೂ ಫ್ಲಾರೆನ್ಸಿನಲ್ಲೇ, ಈ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ.

ಮಕ್ಕಳೇ, ಅಜ್ಜಿಯೋ ತಾತನೋ ಜೊತೆಗಿದ್ದರೆ ನೀವೂ ಇದನ್ನು ಮಾಡಬಹುದು. ಆರು ಜನಕ್ಕೆ ಕಾಲು ಕಿಲೋ ಬಿಳಿ ಬೀನ್ಸ್ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಮೆತ್ತಗೆ ಬೇಯಿಸಿ. ಅಲಸಂದೆ ಕಾಳೂ ಆಗುತ್ತದೆ. ಅಮೆರಿಕ ಖಂಡದಿಂದ ಈಗಿನ ಬೀನ್ಸ್ ಬರುವ ಮೊದಲು ಇಟಲಿಯವರು ತಿನ್ನುತ್ತಿದ್ದದ್ದು ಅಲಸಂದೆಯನ್ನೇ. ಬೆಂದ ಕಾಳಿನಲ್ಲಿ ಅರ್ಧವನ್ನು ಮಸೆದಿಡಿ. ದಪ್ಪತಳದ ಪಾತ್ರೆಯಲ್ಲಿ ನಾಲ್ಕು ಚಮಚ ಆಲಿವ್ ಎಣ್ಣೆ ಹಾಕಿ, ಹೆಚ್ಚಿದ ಎರಡು ಈರುಳ್ಳಿ, ಎರಡು ಕ್ಯಾರೆಟ್, ಎರಡು ದಂಟು ಸೆಲೆರಿಯನ್ನು ಸಣ್ಣ ಉರಿಯಲ್ಲಿ ಕಾಲು ಗಂಟೆ ಬಾಡಿಸಿ. ಎರಡು ಆಲೂಗಡ್ಡೆ, ಎರಡು ಟೊಮೆಟೊ, ಅರ್ಧ ಎಲೆಕೋಸು, ಕಪ್ಪು ಕೋಸು ಸಿಗದಿದ್ದರೆ ಒಂದು ಕಟ್ಟು ಪಾಲಕ್ ಸೇರಿಸಿ. ಮಸೆದ ಕಾಳು, ಕಾಳು ಬೆಂದ ನೀರು, ಉಪ್ಪು ಹಾಕಿ ಒಂದು ಗಂಟೆ ಕುದಿಸಿ. ಉಳಿದ ಇಡೀ ಕಾಳು ಕೊನೆಗೆ. ಹೆಚ್ಚುವುದು, ಒಲೆಯ ಕೆಲಸ ದೊಡ್ಡವರದು. ಸೊಪ್ಪು ಬಿಡಿಸುವುದು, ಒಣಬ್ರೆಡ್ಡು ಮುರಿಯುವುದು ನಿಮ್ಮದು. ಬ್ರೆಡ್ಡು ಒಣಗಿರಲಿ, ಬೂಸ್ಟು ಹಿಡಿದದ್ದು ಬೇಡ. ಉಳಿದ ಸೂಪನ್ನು ಫ್ರಿಜ್ಜಿನಲ್ಲಿಡಿ. ನಮ್ಮ ಸೆಕೆಗೆ ಹೊರಗಿಟ್ಟರೆ ಹಳಸುತ್ತದೆ.

ತಟ್ಟೆಯ ತಳದಲ್ಲಿ ಉಳಿದ ರಸವನ್ನು ಬ್ರೆಡ್ಡಿನ ಚೂರಿನಿಂದ ಬಳಿದು ತಿನ್ನುವುದಕ್ಕೆ ಇಟಲಿಯವರು ‘ಸ್ಕಾರ್ಪೆತ್ತಾ’ ಎನ್ನುತ್ತಾರೆ, ಅಂದರೆ ಪುಟ್ಟ ಶೂ. ಆ ಭಾನುವಾರ ಹುಡುಗ ತನ್ನ ತಟ್ಟೆಯನ್ನು ಹಾಗೆ ಬಳಿದು ಮುಗಿಸಿ, ಪಾತ್ರೆಯನ್ನೂ ಹತ್ತಿರಕ್ಕೆ ಎಳೆದುಕೊಂಡ. ಅಜ್ಜಿ ಅವನಿಗೆ ಇನ್ನೊಂದು ಹೋಳು ಬ್ರೆಡ್ಡು ಕೊಟ್ಟರು.