ಅಜ್ಜನ ಚಾಕು ಯಾವ ಉಕ್ಕಿನದು?

ಅಮ್ಮನ ಅಪ್ಪನ ಮಡಚುವ ಚಾಕು ಈಗ ಕೋಪರಖೈರಣೆಯ ನಮ್ಮ ಫ್ಲ್ಯಾಟಿನಲ್ಲಿದೆ. ಹಿಡಿ ಕೋಣನ ಕೊಂಬಿನದು. ಅಲಗು ಮೂರು ಇಂಚು ಇದ್ದೀತು, ಮಸೆದು ಮಸೆದು ನಡು ಸವೆದಿದೆ. ಬುಡದಲ್ಲಿ ಒಂದು ಗುರುತಿದೆ. ಅಚ್ಚೊತ್ತಿದ ಅಕ್ಷರವೋ, ಸುತ್ತಿಗೆಯ ಪೆಟ್ಟೋ ಹೇಳುವುದು ಕಷ್ಟ. ಅಜ್ಜ ನಲವತ್ತರ ದಶಕದಲ್ಲಿ ಭದ್ರಾವತಿಯ ಕಾರ್ಖಾನೆಗೆ ಕೆಲಸಕ್ಕೆ ಸೇರಿದವರು. "ಅದು ಭದ್ರಾವತಿ ಉಕ್ಕು ಕಣೋ, ಅಪ್ಪನೇ ಹೇಳಿದ್ದು" ಎಂಬುದು ಅಮ್ಮನ ಮಾತು. ಎಪ್ಪತ್ತನಾಲ್ಕರ ಅಮ್ಮನಿಗೆ ಬೆಳಿಗ್ಗೆ ಏನು ತಿಂಡಿ ತಿಂದೆ ಎಂಬುದು ಮರೆಯುತ್ತದೆ, ಇದು ಮರೆಯುವುದಿಲ್ಲ.

ಅಣ್ಣನದು ಬೇರೆ ಮಾತು. "ಬಫಿಂಗ್ ಮಾಡಿಸು ಮಾರಾಯ, ಹೊಸದರ ಹಾಗೆ ಆಗ್ತದೆ" ಎಂದ. ಬಫಿಂಗ್ ಆದರೆ ಅಲಗಿನ ಕಪ್ಪು ಹೋಗುತ್ತದೆ, ಬುಡದ ಗುರುತೂ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಮೊದಲು ಉಕ್ಕು ಯಾವುದು ಅಂತ ತಿಳಿದುಕೊಳ್ಳೋಣ ಎಂದುಕೊಂಡೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಕೆಲವಿವೆ. ಆಯಸ್ಕಾಂತ ಅಂಟಿದರೆ ಸ್ಟೀಲ್, ಅಂಟದಿದ್ದರೆ ಸ್ಟೇನ್‌ಲೆಸ್ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅಡುಗೆಮನೆಯ ಪಾತ್ರೆಗಳಿಗೆ ಈ ಲೆಕ್ಕ ಬಹುಮಟ್ಟಿಗೆ ಸರಿ. ಚಾಕುವಿಗೆ ನಡೆಯುವುದಿಲ್ಲ, ಏಕೆಂದರೆ ಕಾಸಿ ಅದ್ದಿ ಗಟ್ಟಿ ಮಾಡುವ ಸ್ಟೇನ್‌ಲೆಸ್ ಅಲಗಿಗೂ ಆಯಸ್ಕಾಂತ ಚೆನ್ನಾಗಿ ಅಂಟುತ್ತದೆ. ಅದಕ್ಕಿಂತ ನಿಂಬೆಹಣ್ಣು ವಾಸಿ. ಒಂದು ಹನಿ ರಸ ಹಾಕಿ ಹತ್ತು ನಿಮಿಷ ಬಿಟ್ಟರೆ ಸಾದಾ ಇಂಗಾಲದ ಉಕ್ಕು ಬೂದುಗಪ್ಪಾಗುತ್ತದೆ, ಸ್ಟೇನ್‌ಲೆಸ್ ಹಾಗೇ ಇರುತ್ತದೆ. ಅಜ್ಜನ ಚಾಕು ಐದೇ ನಿಮಿಷದಲ್ಲಿ ಕಪ್ಪಾಯಿತು. ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಕಿಡಿ ನೋಡುವ ವಿಧಾನವೂ ಇದೆ. ಇಂಗಾಲ ಹೆಚ್ಚಿದ್ದಷ್ಟೂ ಕಿಡಿಗಳು ನಕ್ಷತ್ರದ ಹಾಗೆ ಸಿಡಿಯುತ್ತವೆ. ಆದರೆ ಹಾಗೆ ನೋಡಲು ಲೋಹ ತೇಯಬೇಕು. ಸವೆದ ಅಲಗಿನಿಂದ ಇನ್ನಷ್ಟು ತೇಯಲು ನನಗೆ ಮನಸ್ಸಾಗಲಿಲ್ಲ.

ಉಕ್ಕಿನ ಗುಣ ತಿಳಿಯಲು ಚಾಕುವನ್ನೇ ಮುಂದಿಟ್ಟುಕೊಂಡ ಒಂದು ಹಳೆಯ ಪ್ರಸಂಗಕ್ಕೆ ನಮ್ಮ ಮುಂಬಯಿಯ ನಂಟಿದೆ. 1794ರಲ್ಲಿ ಇಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಕೆಲವು ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳಿಸಿದ. ಅಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಆಮ್ಲಗಳಲ್ಲಿ ಕರಗಿಸಿ, ತಮ್ಮ ದೇಶದ ಉಕ್ಕು ಕಬ್ಬಿಣಗಳ ಜೊತೆ ಹೋಲಿಸಿ ನೋಡಿದ. ಚಾಕು ಕತ್ತರಿ ಮಾಡುವ ಜೇಮ್ಸ್ ಸ್ಟೋಡಾರ್ಟ್ ಅದರಿಂದ ಒಂದು ಪೇನಾಚಾಕು ಬಡಿದ. ಬಡಿಯಲು ಬಲು ಕಷ್ಟವಾದರೂ ಹಲವು ಕೆಲಸಗಳಿಗೆ ಇಂಗ್ಲೆಂಡಿನ ಉಕ್ಕಿಗಿಂತ ಇದೇ ಮೇಲು ಎಂದ. 1795ರಲ್ಲಿ ಪ್ರಕಟವಾದ ಪಿಯರ್ಸನ್ನನ ಪ್ರಬಂಧದ ಶೀರ್ಷಿಕೆ ಇದನ್ನು ಮುಂಬಯಿಯಲ್ಲಿ ತಯಾರಾದ, ಅಲ್ಲಿ 'ವೂಟ್ಜ್' ಎಂದು ಕರೆಯುವ ಉಕ್ಕು ಎನ್ನುತ್ತದೆ. ಹಡಗು ಹತ್ತಿದ ಊರೇ ಹುಟ್ಟಿದ ಊರಾಯಿತು. ಇಂಥ ಉಕ್ಕನ್ನು ಮಾಡುತ್ತಿದ್ದದ್ದು ದಕ್ಷಿಣದಲ್ಲಿ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಸುವುದನ್ನು ವಿವರವಾಗಿ ಬರೆದಿದ್ದಾನೆ. 'ವೂಟ್ಜ್' ಬಂದದ್ದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ನಮ್ಮಲ್ಲಿ ರೈಲು ಹಳಿ ದಾಟಿದರೆ ಎಂಐಡಿಸಿ. ಅಲ್ಲಿ ಲೋಹ ಪರೀಕ್ಷಿಸುವ ಒಂದು ಚಿಕ್ಕ ಲ್ಯಾಬಿಗೆ ಶನಿವಾರ ಚಾಕು ಒಯ್ದೆ. ಹೋಗುವ ಮುಂಚೆ ಒಂದು ವಾರ ಸುಮ್ಮನೆ ಕೂತಿದ್ದೆ. ಸಾಫ್ಟ್‌ವೇರಿನಲ್ಲಿ ಇಪ್ಪತ್ತು ವರ್ಷ ಟೆಸ್ಟ್ ರಿಪೋರ್ಟ್ ಓದಿದವನಿಗೆ ಒಂದು ವಿಷಯ ಗೊತ್ತು: ಟೆಸ್ಟಿನಿಂದ ತಪ್ಪನ್ನು ಹಿಡಿಯಬಹುದು, ತಪ್ಪೇ ಇಲ್ಲ ಎಂದು ಸಾಧಿಸಲಾಗುವುದಿಲ್ಲ. ಇಲ್ಲೂ ಹಾಗೆಯೇ. ನಿಂಬೆ ಕಪ್ಪಾಗಿಸಿತ್ತು ನಿಜ, ಆದರೂ ಆ ಕಾಲಕ್ಕೆ ಹೊಂದದ ಯಾವುದಾದರೂ ಧಾತು ಕಂಡರೆ ಅಮ್ಮನ ಕಥೆ ಅಲ್ಲಿಗೆ ಮುಗಿಯಿತು. ಕಾಣದಿದ್ದರೆ ಕಥೆ ಉಳಿಯುತ್ತದೆ, ಆದರೆ ರುಜುವಾತಾಗುವುದಿಲ್ಲ.

ಲ್ಯಾಬಿನ ಹುಡುಗ ಕೂದಲೊಣಗಿಸುವ ಡ್ರೈಯರ್‌ನಂಥ ಎಕ್ಸ್‌ರೇ ಗನ್ನನ್ನು ಅಲಗಿಗೆ ಒತ್ತಿ ಹಿಡಿದ. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಅಂಕಿ ಬಂತು. ಕಬ್ಬಿಣ ನೂರಕ್ಕೆ 98ರ ಮೇಲೆ, ಮ್ಯಾಂಗನೀಸ್ ಅರ್ಧದಷ್ಟು, ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಸ್ಟೇನ್‌ಲೆಸ್ ಎನಿಸಿಕೊಳ್ಳಲು ಕ್ರೋಮಿಯಂ ಕಡೇಪಕ್ಷ ಹತ್ತೂವರೆ ಬೇಕು. ಅಲ್ಲಿಗೆ ಇದು ಸಾದಾ ಉಕ್ಕು. ಭದ್ರಾವತಿಯದಿರಬಹುದು. ಸಂತೆಯ ಕಮ್ಮಾರ ಹಳೆಯ ಅರವನ್ನು ಬಡಿದು ಮಾಡಿದ್ದಿರಬಹುದು, ಅರದ ಉಕ್ಕೂ ಹೀಗೇ ಇರುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದದ್ದು ಬೀಡು ಕಬ್ಬಿಣ, ಅದರಿಂದ ಚಾಕು ಆಗುವುದಿಲ್ಲ. ಉಕ್ಕಿನ ತಯಾರಿಕೆ ಬಂದದ್ದು ಮೂವತ್ತರ ದಶಕದಲ್ಲಿ. ಅಜ್ಜ ಸೇರಿದ್ದು ಅದಾದ ಮೇಲೆ. ತಾರೀಖುಗಳು ಅಮ್ಮನ ಮಾತಿಗೆ ಅಡ್ಡ ಬರುವುದಿಲ್ಲ, ಅಷ್ಟೆ.

"ಕಾರ್ಬನ್ ಎಷ್ಟು?" ಎಂದು ಕೇಳಿದೆ. ಇಂಗಾಲ ತೀರಾ ಹಗುರ ಧಾತು, ಆ ಗನ್ನಿಗೆ ಕಾಣುವುದಿಲ್ಲ. ಅದಕ್ಕೆ ವಿದ್ಯುತ್ ಕಿಡಿ ಹಾರಿಸಿ ಬೆಳಕನ್ನು ಓದುವ ಇನ್ನೊಂದು ಯಂತ್ರವಿದೆ. ಆದರೆ ಮೊದಲು ಅಲಗನ್ನು ಚಪ್ಪಟೆಯಾಗಿ ಉಜ್ಜಬೇಕು, ಕಿಡಿ ಬಿದ್ದಲ್ಲಿ ಬಟಾಣಿಯಷ್ಟು ಸುಟ್ಟ ಕಲೆ ಉಳಿಯುತ್ತದೆ. "ಕರೂ ಕಾ, ಸರ್?" ಎಂದ. ಬೇಡ ಎಂದೆ. ಇಂಗಾಲ 0.7 ಇದ್ದರೇನು, 0.9 ಇದ್ದರೇನು, ಅದು ಯಾವ ಊರಿನದೆಂದು ಆ ಯಂತ್ರವೂ ಹೇಳುವುದಿಲ್ಲ. ಪಿಯರ್ಸನ್ನನ ಆಮ್ಲಗಳೂ ಹೇಳಿರಲಿಲ್ಲ. ಗಟ್ಟಿಗಳ ಜೊತೆ ಹೋದ ಹೆಸರಿನಲ್ಲಿ ಮಾತ್ರ ಊರಿನ ಸುಳಿವಿತ್ತು. ಅಜ್ಜನ ಚಾಕುವಿನ ವಿಷಯದಲ್ಲಿ ಉಳಿದಿರುವುದೂ ಅಮ್ಮನ ಬಾಯಿಮಾತು ಮಾತ್ರ.

ಬಫಿಂಗ್ ಮಾಡಿಸುವುದಿಲ್ಲ ಎಂದು ಅಣ್ಣನಿಗೆ ಹೇಳಿದೆ. ಖಾಡಿಯ ಉಪ್ಪುಗಾಳಿಗೆ ಮಳೆಗಾಲದಲ್ಲಿ ನಮ್ಮ ಕಿಟಕಿಯ ಸರಳೇ ತಡೆಯುವುದಿಲ್ಲ. ಹೊಳಪು ಬಂದ ಸಾದಾ ಉಕ್ಕು ಗಣಪತಿ ಹಬ್ಬದೊಳಗೆ ಕೆಂಪಾಗುತ್ತದೆ. ಈಗಿರುವ ಕಪ್ಪು ತುಕ್ಕಲ್ಲ, ತಕ್ಕಮಟ್ಟಿಗೆ ತುಕ್ಕನ್ನು ತಡೆಯುವ ಪದರ. ಒರೆಸಿ, ಒಣಗಿಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಸುತ್ತಿ ಇಟ್ಟರೆ ಸಾಕು. ತೊಗಲಿನ ಚೀಲ ಬೇಡ, ಅದು ತೇವ ಹಿಡಿಯುತ್ತದೆ.

ಅಮ್ಮನಿಗೆ ಫೋನಿನಲ್ಲಿ ಅಂಕಿಗಳನ್ನು ಓದಿ ಹೇಳಿದೆ. ಕೇಳಿಸಿಕೊಂಡು, "ಅಪ್ಪ ಅದರಲ್ಲೇ ಎಲೆ ತೊಟ್ಟು ಮುರೀತಿದ್ದರು, ಮಾವಿನಹಣ್ಣು ಹೆಚ್ಚಿ ನಮಗೆಲ್ಲ ಕೊಡ್ತಿದ್ದರು" ಎಂದರು. ಇದು ಹೊಸ ವಿಷಯ, ನಾನು ಕೇಳಿರಲಿಲ್ಲ. ಕಾರ್ಖಾನೆಯಲ್ಲಿ ಅಜ್ಜನ ಕೆಲಸ ಏನಿತ್ತು, ಯಾವ ಬೀದಿಯಲ್ಲಿ ಮನೆ, ಚಾಕು ಮಾಡಿಕೊಟ್ಟವರು ಯಾರು ಎಂದು ಒಂದೊಂದಾಗಿ ಕೇಳುತ್ತಿದ್ದೇನೆ. ಭಾನುವಾರಗಳಂದು ಅರ್ಧ ಗಂಟೆ, ರೆಕಾರ್ಡರ್ ಹಾಕಿಕೊಂಡು. ಈ ಕೆಲಸಕ್ಕೆ ಮಾತ್ರ ಗಡುವಿದೆ.